ಅಮ್ಮ ಹೆಕ್ಕುವ ಬಳಚು ಯಾವ ಲೆಕ್ಕಕ್ಕೂ ಬರುವುದಿಲ್ಲವೇ?

ಅಳಿವೆ ದಂಡೆಯವಳು, ಕುಮಟಾ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಅಘನಾಶಿನಿ ಅಳಿವೆಯ ಪಕ್ಕದಲ್ಲಿದೆ. ಅಮ್ಮ ಮೂವತ್ತು ವರ್ಷದಿಂದ ಬಳಚು, ಅಂದರೆ ಹೊಳೆಯ ಚಿಪ್ಪುಮೀನು, ಹೆಕ್ಕುತ್ತಾಳೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ದೂರದವರೆಗೆ ಇಳಿಯುತ್ತದೆ. ಆಗ ಕೇರಿಯ ಹೆಂಗಸರೆಲ್ಲ ಹೊಳೆಯಲ್ಲೇ ಇರುತ್ತಾರೆ. ಸ್ವಲ್ಪ ಮನೆ ಸಾರಿಗೆ, ಉಳಿದದ್ದು ಪೇಟೆಗೆ. ನನ್ನ ಕಾಲೇಜಿನ ಫೀಸು ಆ ಬುಟ್ಟಿಯಿಂದಲೇ ಬಂದದ್ದು.

ಈಗ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪಾಠಕ್ಕೆಂದು ಮೀನಿನ ಅಂಕಿಗಳನ್ನು ಹುಡುಕುತ್ತಿದ್ದೆ. ತಾರ್ಲೆ ಇದೆ, ಬಂಗುಡೆ ಇದೆ, ಸಿಗಡಿ ಇದೆ. ಟ್ರಾಲ್ ಬೋಟಿನದ್ದು ಎಷ್ಟು, ಪರ್ಸೀನ್ ಬೋಟಿನದ್ದು ಎಷ್ಟು ಅಂತಲೂ ಇದೆ. ಅಮ್ಮ ಮಾತ್ರ ಎಲ್ಲೂ ಕಾಣಲಿಲ್ಲ. ಹಿಂದೊಮ್ಮೆ ಮನೆಗೆ ಫಾರಂ ತುಂಬಿಸಲು ಬಂದವರು ಅಮ್ಮನ ಕಸುಬು ‘ಮನೆಗೆಲಸ’ ಅಂತ ಬರೆದುಕೊಂಡು ಹೋದರು. ಆಗಷ್ಟೇ ಅಮ್ಮ ಒದ್ದೆ ಸೀರೆಯಲ್ಲಿ ಬುಟ್ಟಿ ಇಳಿಸಿದ್ದಳು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೀನಿನ ಲೆಕ್ಕ ಹೇಗೆ ತೆಗೆಯುತ್ತಾರೆ? ನಾವೇ ಒಂದು ಪುಸ್ತಕ ಇಟ್ಟು ಬರೆದರೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆಯೇ?

ದಕ್ಕೆ ಲೆಕ್ಕದವ, ಮಲ್ಪೆ

ತಂಗಿ, ನಾನು ಬಹಳ ವರ್ಷ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ನಿಂತು ಇದೇ ಲೆಕ್ಕ ಬರೆದವನು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಸಮುದ್ರ ಮೀನಿನ ಅಂದಾಜಿಗೆ ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯದ್ದೇ ಒಂದು ಪದ್ಧತಿ ಇದೆ. ಎಲ್ಲ ದಕ್ಕೆಯಲ್ಲೂ ಎಲ್ಲ ದಿನ ನಿಲ್ಲಲು ಯಾರಿಂದಲೂ ಆಗುವುದಿಲ್ಲ, ಅಲ್ವಾ? ಅದಕ್ಕೆ ತಿಂಗಳನ್ನು ಹತ್ತು ಹತ್ತು ದಿನಗಳ ಮೂರು ಭಾಗ ಮಾಡುತ್ತಾರೆ. ಮೊದಲ ಐದು ದಿನಗಳಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಆ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ ದಕ್ಕೆಯಲ್ಲಿ ಇರಬೇಕು. ಮರುದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ಮತ್ತೆ ಇರಬೇಕು. ನಡುವಿನ ರಾತ್ರಿ ಬಂದ ಬೋಟುಗಳದ್ದನ್ನು ಕೇಳಿ ಬರೆದುಕೊಳ್ಳುತ್ತೇವೆ. ಬಂದ ಬೋಟು 15ರ ಒಳಗಿದ್ದರೆ ಎಲ್ಲವನ್ನೂ ನೋಡುತ್ತೇವೆ. ಜಾಸ್ತಿ ಇದ್ದರೆ ಕೆಲವನ್ನು ಮಾತ್ರ. ಅದರಿಂದ ದಿನದ್ದು, ದಿನದಿಂದ ತಿಂಗಳದ್ದು ಲೆಕ್ಕ ಹಾಕುತ್ತಾರೆ. ಒಳ್ಳೆಯ ಪದ್ಧತಿ, ನಾನು ನಂಬುತ್ತೇನೆ.

ಆದರೆ ಇದು ಬೋಟಿಗೆ, ದಕ್ಕೆಗೆ ಹೊಂದುವ ಪದ್ಧತಿ. ನಿಮ್ಮ ಅಮ್ಮನಿಗೆ ಬೋಟೂ ಇಲ್ಲ, ದಕ್ಕೆಯೂ ಇಲ್ಲ. ಹೊಳೆಯಿಂದ ಸೀದಾ ಮನೆಗೆ, ಮನೆಯಿಂದ ಸಂತೆಗೆ. ಲೆಕ್ಕದವನು ಎಲ್ಲಿ ನಿಲ್ಲಬೇಕು ಹೇಳಿ. ನಮ್ಮಲ್ಲೂ ಕಣ್ಣು ತಪ್ಪುವುದುಂಟು. ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಯ ಲಾರಿಗೆ ಸುರಿಯುವ ಸಣ್ಣ ಮೀನಿನ ರಾಶಿಯಲ್ಲಿ ಹತ್ತಾರು ಜಾತಿಯ ಮರಿಗಳಿರುತ್ತವೆ. ಅದನ್ನು ಬಿಡಿಸಿ ನೋಡುವಷ್ಟರಲ್ಲಿ ಲಾರಿ ಹೊರಟಿರುತ್ತದೆ.

ಪುಸ್ತಕ ಇಡಿ, ಖಂಡಿತ ಇಡಿ. ತೂಕ ಒಂದೇ ಸಾಲದು, ಎಷ್ಟು ಹೊತ್ತು ಹೆಕ್ಕಿದರು ಅಂತ ಬರೆಯಲೇಬೇಕು. ಎರಡು ಗಂಟೆಯಲ್ಲಿ ತುಂಬುತ್ತಿದ್ದ ಬುಟ್ಟಿಗೆ ಈಗ ನಾಲ್ಕು ಗಂಟೆ ಹಿಡಿದರೆ ತೂಕ ಅಷ್ಟೇ ಇರುತ್ತದೆ, ಹೊಳೆಯಲ್ಲಿ ಬಳಚು ಮಾತ್ರ ಕಡಿಮೆ ಆಗಿರುತ್ತದೆ. ತೂಕವನ್ನೇ ನೋಡುವವರಿಗೆ ಅದು ತಿಳಿಯುವುದಿಲ್ಲ. ಚಿಪ್ಪು ಸಮೇತ ತೂಗಿ. ಹೋಗದ ದಿನವನ್ನೂ ಬರೆಯಿರಿ, ಯಾಕೆ ಹೋಗಲಿಲ್ಲ ಅಂತಲೂ.

ಶರಾವತಿ ಕಡೆಯವ, ಹೊನ್ನಾವರ

ಅಕ್ಕಾ, ನನಗೆ ಒಂದು ಹೆದರಿಕೆ ಇದೆ. ಎಲ್ಲಿ ಬಳಚು ಜಾಸ್ತಿ ಅಂತ ಬರೆದಿಟ್ಟರೆ ನಾಳೆ ಹೊರಗಿನವರು ಚೀಲ ಹಿಡಿದುಕೊಂಡು ಬರುತ್ತಾರೆ. ಚಿಪ್ಪಿನ ಮೇಲೆ ಅದನ್ನು ಸುಟ್ಟು ಸುಣ್ಣ ಮಾಡುವವರ ಕಣ್ಣು ಮೊದಲೇ ಇದೆ. ಬರೆಯಬೇಡಿ ಅನ್ನುವುದಿಲ್ಲ. ಜಾಗದ ಹೆಸರು ಮಾತ್ರ ನಿಮ್ಮ ಹೆಂಗಸರಿಗಷ್ಟೇ ತಿಳಿಯುವ ಹಾಗೆ ಇಟ್ಟುಕೊಳ್ಳಿ. ಪುಸ್ತಕ ಯಾರ ಹತ್ತಿರ ಇರಬೇಕು ಅಂತ ಅವರೇ ತೀರ್ಮಾನಿಸಲಿ.

ಮೀನು ಓದಿದವಳು, ಮಂಗಳೂರು

ಮೇಲಿನವರ ಮಾತು ಸರಿ. ಅಂಕಿ ಯಾರ ಕೈಯಲ್ಲಿ ಇರುತ್ತದೆ ಅನ್ನುವುದು ಸಣ್ಣ ವಿಷಯವಲ್ಲ.

ಈ ಲೆಕ್ಕ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಒಟ್ಟುಮಾಡಿದ ಮೀನಿನ ಅಂಕಿಗಳು 1950ರಿಂದ ಇವೆ. ಆಯಾ ದೇಶ ಕಳಿಸಿದ್ದೇ ಅದಕ್ಕೆ ಆಧಾರ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸಮುದ್ರದ ಬಗ್ಗೆ ಇರುವ 14ನೇ ಗುರಿಯಲ್ಲಿ ‘ಎಷ್ಟು ಪಾಲು ಮೀನು ಸಂತತಿ ಇನ್ನೂ ಸುಸ್ಥಿತಿಯಲ್ಲಿದೆ’ ಅನ್ನುವ ಅಳತೆ ಇದೆ. 2021ಕ್ಕೆ ಅದು 62.3 ಶೇಕಡಾ ಅಂತ ಆ ಸಂಸ್ಥೆಯ 2024ರ ವರದಿ ಹೇಳಿತು. ಅದೇ ಗುರಿಯಲ್ಲಿ ಸಣ್ಣ ಮೀನುಗಾರರ ಹಕ್ಕಿನ ಮಾತೂ ಇದೆ. ಆ ಸಂಸ್ಥೆ, ಡ್ಯೂಕ್ ವಿಶ್ವವಿದ್ಯಾಲಯ, ವರ್ಲ್ಡ್‌ಫಿಶ್ ಎಂಬ ಸಂಶೋಧನಾ ಸಂಸ್ಥೆ ಸೇರಿ 2023ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಕಡಿಮೆ ಎಂದರೂ 40 ಶೇಕಡಾ ಸಣ್ಣ ಮೀನುಗಾರರದ್ದು. ಅಂದರೆ ನಿಮ್ಮ ಅಮ್ಮನಂಥವರನ್ನು ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ.

ವರ್ಷಗಟ್ಟಲೆ ಬಿಡದೆ ಬರೆದರೆ ಏನು ಸಿಗುತ್ತದೆ ಅನ್ನುವುದಕ್ಕೆ ಬೂತಾಯಿ, ಅಂದರೆ ನಿಮ್ಮ ಕಡೆಯ ತಾರ್ಲೆ, ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಬರೀ 3,297 ಟನ್. ಹಳೆಯ ಅಂಕಿ ಇದ್ದದ್ದರಿಂದಲೇ ಎಷ್ಟು ಕುಸಿಯಿತು ಅಂತ ಅಳೆಯಲು ಆಯಿತು. ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಆ ಅಳಿವೆಯ ಬಗ್ಗೆ ಏನೇ ಮಾತುಕತೆ ನಡೆದರೂ ನಿಮ್ಮ ಪುಸ್ತಕವನ್ನು ಎದುರಿಗೆ ಇಡಬಹುದು.

ಅಳಿವೆ ದಂಡೆಯವಳು, ಕುಮಟಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಲ್ಪೆಯ ಅಣ್ಣನ ಮಾತು ಓದಿದ ಮೇಲೆ ಭಾನುವಾರ ಅಮ್ಮನ ಬುಟ್ಟಿ ತೂಗಿದೆ. ಚಿಪ್ಪು ಸಮೇತ 11 ಕೆಜಿ. ಬೇಯಿಸಿ ಬಿಡಿಸಿದ ಮೇಲೆ ಒಂದು ಕೆಜಿ ಚಿಲ್ಲರೆ. ಯಾವ ತೂಕ ಅಂತ ಬರೆಯದಿದ್ದರೆ ಎಷ್ಟು ಎಡವಟ್ಟು ಆಗಬಹುದು ಅಂತ ಆಗ ಗೊತ್ತಾಯಿತು. ಹೆಕ್ಕಿದ್ದು ಮೂರು ಗಂಟೆ. ಮೊದಲೆಲ್ಲ ಇಷ್ಟು ಹೊತ್ತು ಬೇಕಿರಲಿಲ್ಲ ಅಂತ ಅಮ್ಮ ತಾನಾಗಿಯೇ ಹೇಳಿದಳು.

ಜಾಗಗಳಿಗೆ ಹೆಂಗಸರೇ ಹೆಸರಿಟ್ಟಿದ್ದಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆಯ ಇಬ್ಬರು ಸೇರಿಕೊಂಡಿದ್ದಾರೆ. ಪುಸ್ತಕ ಅಮ್ಮನ ಹತ್ತಿರವೇ ಇರುತ್ತದೆ. ನಿನ್ನೆ ರಾತ್ರಿ ಕರೆದು, ‘ಶನಿವಾರ ಮೊಣಕಾಲು ನೋವು, ಹೋಗಲಿಲ್ಲ. ಅದನ್ನೂ ಬರಿ’ ಅಂದಳು. ಬರೆದಿದ್ದೇನೆ.