ಹ್ಯೂಸ್ಟನ್‌ನ 2016ರ ಸಿರಸ್ ಅಪಘಾತ: ಫ್ಲ್ಯಾಪ್ ಬೇಗ ಎತ್ತಿದ್ದೇ ಕಾರಣವೇ?

ಪ್ರಶ್ನೆ

ಖಾಸಗಿ ಪೈಲಟ್ ಪರವಾನಗಿಗಾಗಿ ತರಬೇತಿ ಪಡೆಯುತ್ತಿರುವ ನಾನು ಕೆಲವೇ ದಿನಗಳಲ್ಲಿ ಮೊದಲ ಸೋಲೋ ಹಾರಾಟ (ಬೋಧಕರಿಲ್ಲದೆ ಒಂಟಿಯಾಗಿ ಹಾರುವುದು) ಮಾಡಬೇಕಿದೆ. 2016ರ ಜೂನ್ 9ರಂದು ಓಕ್ಲಹೋಮಾದಿಂದ ಬಂದು ಹ್ಯೂಸ್ಟನ್‌ನ ಹಾಬಿ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿದ್ದ ಸಿರಸ್ ಎಸ್‌ಆರ್20 ವಿಮಾನ, ಹಲವು ಬಾರಿ ಗೋ-ಅರೌಂಡ್ (ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರುವುದು) ಮಾಡಿ ಕೊನೆಗೆ ನಿಲ್ದಾಣದ ಹೊರಗೆ, ನಿಲ್ಲಿಸಿದ್ದ ಖಾಲಿ ಕಾರೊಂದರ ಮೇಲೆ ಬಿದ್ದು, ವಿಮಾನದಲ್ಲಿದ್ದ ಮೂವರೂ ಮೃತಪಟ್ಟರು. ಪೈಲಟ್ ಸುರಕ್ಷಿತ ವೇಗ ಬರುವ ಮೊದಲೇ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸಿ ಎತ್ತಬಹುದಾದ ಭಾಗ) ಎತ್ತಿದ್ದರಿಂದ ವಿಮಾನ ಸ್ಟಾಲ್ ಆಗಿ (ರೆಕ್ಕೆ ಎತ್ತುವ ಬಲ ಕಳೆದುಕೊಂಡು) ಸ್ಪಿನ್‌ಗೆ (ಸುತ್ತುತ್ತಾ ಕೆಳಗೆ ಬೀಳುವ ಸ್ಥಿತಿಗೆ) ಸಿಲುಕಿತು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಎಂಜಿನ್ ಪೂರ್ಣ ಶಕ್ತಿಯಲ್ಲಿರುವಾಗ ಫ್ಲ್ಯಾಪ್ ಎತ್ತಿದ ಮಾತ್ರಕ್ಕೆ ವಿಮಾನ ಹೇಗೆ ಬೀಳುತ್ತದೆ? ಆ ವಿಮಾನಕ್ಕೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇರುತ್ತದಲ್ಲವೇ?

ಉತ್ತರ 1

ಫ್ಲ್ಯಾಪ್ ಇಳಿಸಿದಾಗ ರೆಕ್ಕೆ ಕಡಿಮೆ ವೇಗದಲ್ಲಿಯೂ ವಿಮಾನದ ಭಾರ ಹೊರುತ್ತದೆ. ಅದನ್ನು ಮೇಲೆತ್ತಿದ ಕ್ಷಣದಲ್ಲಿ ಸ್ಟಾಲ್ ವೇಗ ಏರುತ್ತದೆ, ಆದರೆ ವಿಮಾನದ ವೇಗ ಅಷ್ಟು ಬೇಗ ಏರುವುದಿಲ್ಲ. ವಿಮಾನ ತಗ್ಗುತ್ತಿದೆ ಎನಿಸಿ ಪೈಲಟ್ ಮೂತಿಯನ್ನು ಇನ್ನಷ್ಟು ಎತ್ತಿದರೆ ರೆಕ್ಕೆ ಗಾಳಿಗೆ ಒಡ್ಡುವ ಕೋನ ಮಿತಿಮೀರುತ್ತದೆ. ಇದರ ಜೊತೆಗೆ ವಿಮಾನ ತಿರುಗುತ್ತಿದ್ದರೆ ಅಪಾಯ ಹೆಚ್ಚು: ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿಸಿ ತಿರುಗಿದಾಗ ಸ್ಟಾಲ್ ವೇಗ ಸುಮಾರು 19 ಶೇಕಡಾ, 60 ಡಿಗ್ರಿಯಲ್ಲಿ ಸುಮಾರು 41 ಶೇಕಡಾ ಹೆಚ್ಚುತ್ತದೆ. ಆದ್ದರಿಂದಲೇ ಪೂರ್ಣ ಶಕ್ತಿ ಕೊಟ್ಟು, ಫ್ಲ್ಯಾಪ್ ಅನ್ನು ಮೊದಲು ಅರ್ಧಕ್ಕೆ ತಂದು, ಏರುವ ವೇಗ ಬಂದು ಅಡೆತಡೆಗಳನ್ನು ದಾಟಿದ ಮೇಲಷ್ಟೇ ಉಳಿದದ್ದನ್ನು ಎತ್ತಬೇಕು.

ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಎತ್ತರ ಬೇಕು. ಸಮತಟ್ಟಾದ ಹಾರಾಟದಲ್ಲಿ ಸುಮಾರು 400 ಅಡಿ ಸಾಕಾದರೂ, ಒಂದು ಸುತ್ತಿನ ಸ್ಪಿನ್ ಆದ ಬಳಿಕ 920 ಅಡಿ ಬೇಕಾಗುತ್ತದೆ ಎಂದು ವಿಮಾನದ ಕೈಪಿಡಿ ಹೇಳುತ್ತದೆ. ರನ್‌ವೇ ಸಮೀಪದ ಗೋ-ಅರೌಂಡ್‌ನಲ್ಲಿ ಅಷ್ಟು ಎತ್ತರ ಸಿಗುವುದಿಲ್ಲ.

ಉತ್ತರ 2

ಮೇಲಿನ ವಿವರಣೆ ಸರಿ. ಆದರೆ ಫ್ಲ್ಯಾಪ್‌ನ ಆ ಒಂದು ಕ್ಷಣವನ್ನು ಮಾತ್ರ ನೋಡಿದರೆ ಈ ಅಪಘಾತ ಅರ್ಥವಾಗದು ಎಂಬುದು ನನ್ನ ದೃಢ ಅಭಿಪ್ರಾಯ. ಹಿಂದಿನಿಂದ ವೇಗವಾಗಿ ಬರುತ್ತಿದ್ದ ಬೋಯಿಂಗ್ 737ಕ್ಕೆ ದಾರಿ ಬಿಡಲು ಮೊದಲ ಯತ್ನವನ್ನು ಕೈಬಿಡಬೇಕಾಯಿತು. ಆ ಬಳಿಕ 35ನೇ ರನ್‌ವೇಗೆ ಬಂದಾಗ ವಿಮಾನ ತೀರಾ ಎತ್ತರದಲ್ಲಿತ್ತು. ಗಾಳಿ ಬೀಸುತ್ತಿದ್ದ, ದೊಡ್ಡ ವಿಮಾನಗಳ ದಟ್ಟಣೆಯಿದ್ದ ನಿಲ್ದಾಣದಲ್ಲಿ ಪೈಲಟ್‌ಗೆ ಒಂದರ ಮೇಲೊಂದು ಸೂಚನೆಗಳು ಬರುತ್ತಿದ್ದವು. ವಿಮಾನವನ್ನು ನಿಲ್ದಾಣದ ಸುತ್ತಲಿನ ಸರ್ಕ್ಯೂಟ್‌ನಲ್ಲೇ ಉಳಿಸಿಕೊಂಡ ಒಬ್ಬ ವಾಯು ಸಂಚಾರ ಕಂಟ್ರೋಲರ್‌ನ ನಿರ್ಧಾರ, ನಿರ್ಣಾಯಕ ಹಂತದಲ್ಲಿ ಮತ್ತೊಬ್ಬರು ಕೊಟ್ಟ ಅನಗತ್ಯವಾಗಿ ಜಟಿಲವಾದ ಸೂಚನೆ, ಇವೆರಡನ್ನೂ ಮಂಡಳಿ ಪೂರಕ ಕಾರಣಗಳೆಂದು ಹೇಳಿತು. ಪೈಲಟ್ ತನಗೆ ಬೇಕಾದುದನ್ನು ಖಚಿತವಾಗಿ ಕೇಳಲಿಲ್ಲ ಎಂಬ ಮಾತೂ ಮಂಡಳಿಯ ತೀರ್ಮಾನದಲ್ಲಿದೆ.

ಈ ಕೊನೆಯ ಮಾತು ನನ್ನನ್ನು ಬಹಳ ಕಾಡುತ್ತದೆ. ಪ್ರತಿ ಸೂಚನೆಗೂ ವಿನಯದಿಂದ ಒಪ್ಪಿಕೊಳ್ಳುವುದೇ ಒಳ್ಳೆಯ ರೇಡಿಯೊ ಶಿಸ್ತು ಎಂದು ನಾವೂ ಕಲಿತುಬಿಡುತ್ತೇವೆ. ಕೈಯಲ್ಲಿ ಆಗದ ಸೂಚನೆಗೆ ‘ಅನೇಬಲ್’ (ಸಾಧ್ಯವಿಲ್ಲ) ಎಂಬ ಒಂದೇ ಪದ ಹೇಳುವ ಅಧಿಕಾರ ಪೈಲಟ್‌ಗೆ ಸದಾ ಇದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫ್ಲ್ಯಾಪ್ ಎತ್ತುವ ಕ್ರಮವನ್ನು ನಾನು ಬಾಯಿಪಾಠ ಮಾಡಿದ್ದೆನೇ ಹೊರತು ಅದರ ಹಿಂದಿನ ಕಾರಣ ತಿಳಿದಿರಲಿಲ್ಲ. ಸೋಲೋಗೆ ಮುನ್ನ, ಸಾಕಷ್ಟು ಎತ್ತರದಲ್ಲಿ, ತಿರುಗುವಾಗ ಆಗುವ ಸ್ಟಾಲ್ ಅನ್ನು ಜೊತೆಗಿದ್ದು ತೋರಿಸುವಂತೆ ನಾಳೆ ಬೆಳಿಗ್ಗೆ ನಮ್ಮ ಬೋಧಕರನ್ನು ಕೇಳಿಕೊಳ್ಳುತ್ತೇನೆ.