ಸಹಾಯ ಬೇಕು: 1/48 ಸ್ಪಿಟ್‌ಫೈರ್ ಮಾದರಿಗೆ ಪಾರದರ್ಶಕ ಕ್ಯಾನೊಪಿ

ಮಾದರಿ ವಿಮಾನ ಕಟ್ಟುವವರಲ್ಲಿ ಒಂದು ಕೋರಿಕೆ. 1/48 ಅಳತೆಯ (ನಿಜ ವಿಮಾನದ 48ನೇ ಒಂದು ಭಾಗ) ಸ್ಪಿಟ್‌ಫೈರ್ ಮಾರ್ಕ್ 9 ಯುದ್ಧವಿಮಾನದ ಕಿಟ್ ಒಂದು ಕೈಸೇರಿದೆ. ಹಳೆಯದು. ಕ್ಯಾನೊಪಿ, ಅಂದರೆ ಪೈಲಟ್ ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳ, ಹಳದಿಗಟ್ಟಿದೆ, ಮುಂಗಾಜಿನ ಅಂಚಿನಿಂದ ಕೂದಲೆಳೆಯಂಥ ಬಿರುಕು ಹೊರಟಿದೆ. ಪಾಲಿಶ್ ಹಾಕಿ ಉಜ್ಜಿದರೆ ಮೇಲಿನ ಗೀರು ಹೋದೀತೇ ಹೊರತು ಒಳಗಿನ ಬಿರುಕು ಹೋಗದು. ಆದ್ದರಿಂದ ಅದನ್ನೇ ಉಳಿಸಿಕೊಳ್ಳುವ ಉಪಾಯ ದಯವಿಟ್ಟು ಬೇಡ.

ಯಾರ ಬಳಿಯಾದರೂ ವ್ಯಾಕ್ಯೂಮ್ ಫಾರ್ಮ್ (ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ಗಾಳಿ ಹೀರಿ ಅಚ್ಚಿನ ಮೇಲೆ ಕೂರಿಸಿ ಮಾಡಿದ) ಕ್ಯಾನೊಪಿ ಹೆಚ್ಚುವರಿ ಇದ್ದರೆ ಕೊಳ್ಳುತ್ತೇನೆ. ಕೊಡುವ ಮುನ್ನ ಅದರ ಬುಡದ ಅಗಲವನ್ನು ಅಳೆದು ತಿಳಿಸಿ. ಪೆಟ್ಟಿಗೆಯ ಮೇಲೆ 1/48 ಎಂದೇ ಇದ್ದರೂ ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಿರುತ್ತದೆ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಸರಿಯಾಗಿ ಕೂರುವುದಿಲ್ಲ.

ಸಿಗದಿದ್ದರೆ ನಾನೇ ಮಾಡಬೇಕು. ಹಳೆಯ ಕ್ಯಾನೊಪಿಯೊಳಗೆ ಎಪಾಕ್ಸಿ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ಕನ್ನು ಒಡೆದು ತೆಗೆದು, ಆ ಅಚ್ಚಿನ ಮೇಲೆ ಬಿಸಿ ಪಿಇಟಿಜಿ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಯನ್ನು ಎಳೆಯುವ ಯೋಚನೆಯಿದೆ. ಮರದ ಅಚ್ಚಾದರೆ ಅದರ ಎಳೆಗಳು ಹಾಳೆಯ ಮೇಲೆ ಮೂಡುತ್ತವೆ, ಅದಕ್ಕೇ ಪುಟ್ಟಿ. ಹೊರಗಿನ ಚೌಕಟ್ಟಿನ ಗೆರೆಗಳನ್ನು ಬಣ್ಣ ಹಚ್ಚಿದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಪದರ) ಪಟ್ಟಿಯಿಂದ ತೋರಿಸಿದರಾಯಿತು. ನನ್ನನ್ನು ಕಾಡುತ್ತಿರುವುದು ದಪ್ಪದ ಪ್ರಶ್ನೆ. 0.25 ಮಿ.ಮೀ. ಹಾಳೆ ಉಬ್ಬಿದ ನೆತ್ತಿಯಲ್ಲಿ ಇನ್ನೂ ತೆಳ್ಳಗಾಗಿ ಕುಸಿಯುತ್ತದೆಯೇ? 0.5 ಹಾಕಿದರೆ ಮುಂಗಾಜಿನ ಮೂಲೆಗಳು ಮೊಂಡಾಗುತ್ತವೆಯೇ? ಮನೆಯಲ್ಲೇ ಎಳೆದು ನೋಡಿದವರು ತಿಳಿಸಿ, ಅಚ್ಚಿನ ಚಿತ್ರವಿದ್ದರೆ ಹಾಕಿ.