ಸ್ಪೀಕರ್‌ನಲ್ಲಿ ಗುಂಯ್ ಸದ್ದು: ಪವರ್ ಕಂಡೀಷನರ್ ಹಾಕಿದರೆ ಹೋಗುತ್ತಾ?

ಮೌನರಾಗ
ಆಂಪ್ಲಿಫೈಯರ್‌ಗೆ ಲ್ಯಾಪ್‌ಟಾಪ್, ಟಿವಿ ಎರಡನ್ನೂ ಆರ್‌ಸಿಎ ಕೇಬಲ್‌ನಲ್ಲಿ (ಕೆಂಪು-ಬಿಳಿ ತುದಿಯ ಆಡಿಯೋ ಕೇಬಲ್) ಕೊಟ್ಟಿದೆ. ಟಿವಿಗೆ ಕೇಬಲ್ ಕನೆಕ್ಷನ್ ಇದೆ. ಹಾಡು ನಿಂತ ಕೂಡಲೇ ಎರಡೂ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತೆ, ವಾಲ್ಯೂಮ್ ಏರಿಸಿದರೆ ಅದೂ ಏರುತ್ತೆ. ಮೇನ್ಸ್ ಕರೆಂಟ್‌ನ ಗಲಾಟೆ ಸೋಸುವ ಪವರ್ ಕಂಡೀಷನರ್ ತಗೊಳ್ಳೋದಾ?

ತಾಮ್ರತಂತಿ
ಸದ್ಯಕ್ಕೆ ಬೇಡ. ವಾಲ್ಯೂಮ್ ಜೊತೆ ಏರುತ್ತೆ ಅಂದರೆ ಸದ್ದು ವಾಲ್ಯೂಮ್ ಕಂಟ್ರೋಲ್‌ಗಿಂತ ಮುಂಚೆಯೇ ಸೇರ್ತಿದೆ. ಏರದೆ ಒಂದೇ ಸಮ ಇದ್ದಿದ್ದರೆ ಆಂಪ್‌ನ ಫಿಲ್ಟರ್ ಕೆಪಾಸಿಟರ್ (ಒಳಗಿನ ಡಿಸಿ ಸಪ್ಲೈಯನ್ನು ಸಮ ಮಾಡುವ ಭಾಗ) ಮೇಲೆ ಅನುಮಾನ ಪಡಬಹುದಿತ್ತು; ಅದು 50 ಹರ್ಟ್ಸ್ ಸಪ್ಲೈ ಇರುವಲ್ಲಿ ಸಾಮಾನ್ಯವಾಗಿ 100 ಹರ್ಟ್ಸ್‌ನಲ್ಲಿ ಕೇಳುತ್ತೆ.

ಆಂಪ್ ಆಫ್ ಮಾಡಿ ಎಲ್ಲ ಆರ್‌ಸಿಎ ಕೇಬಲ್ ಕಿತ್ತು, ಆನ್ ಮಾಡಿ ಕೇಳಿ. ಆಮೇಲೆ ಬರೀ ಲ್ಯಾಪ್‌ಟಾಪ್ ಕೊಡಿ, ಮೊದಲು ಬ್ಯಾಟರಿ ಮೇಲೆ, ನಂತರ ಚಾರ್ಜರ್ ಹಾಕಿ. ಕೊನೆಗೆ ಟಿವಿ, ಗೋಡೆಯಿಂದ ಬರುವ ಕೇಬಲ್ ಇದ್ದಾಗ ಒಮ್ಮೆ, ಬಿಚ್ಚಿ ಒಮ್ಮೆ. ಪ್ರತಿ ಸಲ ಆಂಪ್ ಆಫ್ ಮಾಡಿಯೇ ಕೇಬಲ್ ಮುಟ್ಟಿ. ಇಲ್ಲದಿದ್ದರೆ ಆರ್‌ಸಿಎಯ ನಡುವಿನ ಪಿನ್ ಮೊದಲು ತಾಗಿ ಸ್ಪೀಕರ್‌ಗೆ ದೊಡ್ಡ ಪೆಟ್ಟು.

ಮೌನರಾಗ
ಲ್ಯಾಪ್‌ಟಾಪ್ ಒಂದೇ ಇದ್ದರೆ ಚಾರ್ಜರ್ ಹಾಕಿದರೂ ನಿಶ್ಶಬ್ದ. ಟಿವಿಯ ಆರ್‌ಸಿಎ ಸೇರಿಸಿದ ಕೂಡಲೇ ಗುಂಯ್. ಗೋಡೆಯ ಕೇಬಲ್ ಬಿಚ್ಚಿದರೆ ಮಾಯ. ಆದರೆ ಆಂಪ್‌ನ ಸೆಲೆಕ್ಟರ್ (ಯಾವುದರ ಸದ್ದು ಬೇಕೋ ಆರಿಸುವ ಗುಂಡಿ) ಲ್ಯಾಪ್‌ಟಾಪ್ ಮೇಲಿದ್ದರೂ ಬರುತ್ತಲ್ಲ, ಅದು ಹೇಗೆ?

ತಾಮ್ರತಂತಿ
ಸಾಮಾನ್ಯವಾಗಿ ಸೆಲೆಕ್ಟರ್ ಬದಲಿಸೋದು ನಡುವಿನ ತಂತಿಯನ್ನು ಮಾತ್ರ. ಅದರ ಸುತ್ತ ಇರುವ ಹೊರಗಿನ ಲೋಹದ ಜಾಲರಿ ಎಲ್ಲ ಸಾಕೆಟ್‌ಗೂ ಹಿಂದೆ ಒಂದೇ. ನಿಮ್ಮ ಆಂಪ್‌ಗೆ ಅರ್ಥ್ ಸಿಗೋದು ಪ್ಲಗ್‌ನಿಂದ, ಟಿವಿ ಕೇಬಲ್‌ನ ಜಾಲರಿಗೆ ಇನ್ನೆಲ್ಲೋ. ಎರಡರ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಆ ಕರೆಂಟ್ ಆಡಿಯೋ ಕೇಬಲ್‌ನ ಜಾಲರಿ ಹಿಡಿದೇ ಹರಿಯುತ್ತೆ. ಇದೇ ಗ್ರೌಂಡ್ ಲೂಪ್. 2 ವೋಲ್ಟ್ ಸಿಗ್ನಲ್‌ನಲ್ಲಿ 1 ಮಿಲಿವೋಲ್ಟ್ ಹಮ್ (ಈ ಗುಂಯ್ ಸದ್ದು) ಸೇರಿದರೆ ಅದು 66 ಡೆಸಿಬಲ್ ಮಾತ್ರ ಕೆಳಗೆ. ರಾತ್ರಿ ಹೊತ್ತು ಚೆನ್ನಾಗೇ ಕೇಳುತ್ತೆ. ಕಂಡೀಷನರ್ ಈ ದಾರಿಯಲ್ಲೇ ಇಲ್ಲ, ಅದಕ್ಕೇ ಬೇಡ ಅಂದಿದ್ದು.

ಗೋಡೆಗೂ ಟಿವಿಗೂ ನಡುವೆ ಕೋಆಕ್ಸ್ ಗ್ಯಾಲ್ವನಿಕ್ ಐಸೊಲೇಟರ್ (ಸಿಗ್ನಲ್ ದಾಟಿಸಿ ಜಾಲರಿಯ ನೇರ ಸಂಪರ್ಕ ಕಡಿಯುವ ಸಣ್ಣ ಸಾಧನ) ಹಾಕಿ.

ಎರಡುಪಿನ್
ಇಷ್ಟೆಲ್ಲ ಯಾಕೆ? ಆಂಪ್ ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ, ಹಮ್ ಹೋಗುತ್ತೆ.

ಸಿಗ್ನಲ್ಸಂತೆ
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಒಳಗೆ ಇನ್ಸುಲೇಶನ್ ಕೆಟ್ಟು ಫೇಸ್ ಬಾಡಿಗೆ ತಾಗಿದರೆ ಫ್ಯೂಸ್ ಹಾರಿಸಬೇಕಾದ ಕರೆಂಟ್‌ಗೆ ದಾರಿಯೇ ಇರಲ್ಲ. ಆಗ ಅದು ಆರ್‌ಸಿಎ ಜಾಲರಿ ಹಿಡಿದು ಟಿವಿ ಕಡೆ ಹೋಗುತ್ತೆ, ಇಲ್ಲವೇ ಮುಟ್ಟಿದವರ ಕೈ ಹಿಡಿಯುತ್ತೆ.

ಪ್ರಶ್ನೆ ಕೇಳಿದವರಿಗೆ: ಅದು ಡಿಶ್ ಕೇಬಲ್ ಆಗಿದ್ದರೆ ಐಸೊಲೇಟರ್ ನಡೆಯಲ್ಲ, ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಹೋಗುವ ಡಿಸಿ ಅಲ್ಲೇ ನಿಂತು ಚಿತ್ರ ಹೋಗುತ್ತೆ. ಆಗ ಟಿವಿಯ ಆಪ್ಟಿಕಲ್ ಔಟ್‌ನಿಂದ ಒಂದು ಡ್ಯಾಕ್‌ಗೆ (ಡಿಜಿಟಲ್ ಸಿಗ್ನಲ್ ಅನ್ನು ಅನಲಾಗ್ ಆಡಿಯೋ ಮಾಡುವ ಪೆಟ್ಟಿಗೆ) ಕೊಟ್ಟು, ಅಲ್ಲಿಂದ ಆಂಪ್‌ಗೆ ತನ್ನಿ. ಆಪ್ಟಿಕಲ್ ಕೇಬಲ್‌ನಲ್ಲಿ ಲೋಹವೇ ಇಲ್ಲ. ಆರ್‌ಸಿಎ ದಾರಿಗೆ 10 ಕಿಲೋಓಮ್‌ನ 1:1 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಆಗುತ್ತೆ, ಆದರೆ ಬೆರಳುಗಾತ್ರದ ಅಗ್ಗದ್ದು ಬಾಸ್ ತಿಂದುಹಾಕುತ್ತೆ.

ಮೌನರಾಗ
ಡಿಶ್ ಅಲ್ಲ, ಮಾಮೂಲಿ ಕೇಬಲ್ಲೇ. ಐಸೊಲೇಟರ್ ಹಾಕಿದೆ, ಸದ್ದಿಲ್ಲ. ಫ್ಯಾನ್ ರೆಗ್ಯುಲೇಟರ್ ಅರ್ಧಕ್ಕಿಟ್ಟರೆ ಮಾತ್ರ ಸಣ್ಣ ಜರ್ರ್.

ತಾಮ್ರತಂತಿ
ಅದು ಬೇರೆ ರೋಗ. ರೆಗ್ಯುಲೇಟರ್‌ನ ಟ್ರಯಾಕ್ (ಒಂದು ಎಲೆಕ್ಟ್ರಾನಿಕ್ ಸ್ವಿಚ್) ಎಸಿ ಕರೆಂಟ್‌ನ ಪ್ರತಿ ಅರ್ಧ ಸುತ್ತಿನ ನಡುವೆ ತಟ್ಟನೆ ಆನ್ ಆಗೋದರ ಸದ್ದು. ಕೆಪಾಸಿಟರ್ ಮಾದರಿಯ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ.